ಯೋನಾತಾನ ಬದುಕಿದ್ದಾಗಲೇ ಕೇಳಿಕೊಂಡದ್ದು

ಪ್ರಶ್ನೆ: ನನಗೆ 58 ವರ್ಷ. ಮಂಜೇಶ್ವರ ತಾಲೂಕಿನ ಒಳಭಾಗದ ಹಳ್ಳಿಯಲ್ಲಿದ್ದೇನೆ. ಮಗನಿಗೆ 29. ಹುಟ್ಟಿನಿಂದಲೇ ಬುದ್ಧಿ ಬೆಳೆದಿಲ್ಲ, ಮಾತಿಲ್ಲ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾನೆ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ. ಎರಡು ವರ್ಷದ ಹಿಂದೆ ಗಂಡ ಉಯಿಲು ಬರೆಯದೆ ತೀರಿಕೊಂಡರು. ಮನೆ ಮತ್ತು 1 ಎಕರೆ 20 ಸೆಂಟ್ಸ್ ಅಡಿಕೆ ತೋಟ ಅವರೇ ಖರೀದಿಸಿದ್ದು, ಅವರ ಹೆಸರಿನಲ್ಲೇ ಇದೆ. ಮಗಳು ಮದುವೆಯಾಗಿ ಮಂಗಳೂರಿನಲ್ಲಿದ್ದಾಳೆ. ಪಕ್ಕದ ಮನೆಯ ಮೈದುನ, "ಜಾಗ ನನ್ನ ಹೆಸರಿಗೆ ಬರೆದುಕೊಡಿ ಅತ್ತಿಗೆ, ಅವನನ್ನು ಕೊನೆಯವರೆಗೆ ನೋಡಿಕೊಳ್ಳುತ್ತೇನೆ" ಎನ್ನುತ್ತಾನೆ. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡರೆ, "ಇವನು ಹೀಗಾದದ್ದು ದೇವರ ಚಿತ್ತ, ಮುಂದಿನದೂ ಅವರ ಚಿತ್ತ. ನಾಳೆಯ ಚಿಂತೆ ಮಾಡುವುದು ವಿಶ್ವಾಸ ಸಾಲದ್ದಕ್ಕೆ" ಎನ್ನುತ್ತಾರೆ. ನಾನು ರಾತ್ರಿ ಬೇಡುವುದು ಒಂದೇ: ನನಗಿಂತ ಒಂದು ದಿನ ಮೊದಲು ಇವನನ್ನು ಕರೆದುಕೋ ಎಂದು. ಇದು ಪಾಪವೇ? ದೇವರ ಮೇಲೆ ಭಾರ ಹಾಕಿ ಸುಮ್ಮನಿರಬೇಕೇ?
(ಹೆಸರು ಬೇಡ)

ಅಕ್ಕಾ,

ಆ ಪ್ರಾರ್ಥನೆ ಪಾಪವಲ್ಲ. ಇಂಥ ಮಕ್ಕಳಿರುವ ತಾಯಂದಿರಲ್ಲಿ ಅದನ್ನು ಒಮ್ಮೆಯೂ ಬೇಡದವರು ಕಡಿಮೆ, ಬಾಯಿಬಿಟ್ಟು ಹೇಳುವವರು ಇನ್ನೂ ಕಡಿಮೆ. ಜನರ ಗೊಣಗಾಟ ತಾಳಲಾರದೆ ಮೋಶೆ "ನನ್ನನ್ನು ಕೊಂದುಬಿಡು" ಎಂದು ದೇವರಿಗೆ ನೇರವಾಗಿಯೇ ಹೇಳಿದ. ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ಪ್ರಾಣ ತೆಗೆದುಕೋ ಎಂದು ಬೇಡಿದ. ಅವನಿಗೆ ಉಪದೇಶ ಸಿಗಲಿಲ್ಲ. ನಿದ್ದೆ ಸಿಕ್ಕಿತು, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಸಿಕ್ಕಿತು, ಮತ್ತೆ ನಿದ್ದೆ, ಮತ್ತೆ ಊಟ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೇವದೂತನೇ ಒಪ್ಪಿಕೊಂಡ. ನಿಮ್ಮ ಕೂಟದವರು ಆ ಅಧ್ಯಾಯವನ್ನು ಸರಿಯಾಗಿ ಓದಿದ್ದರೆ, ನಿಮ್ಮ ವಿಶ್ವಾಸವನ್ನು ತೂಗಿ ನೋಡುವ ಬದಲು ಒಂದು ಮಧ್ಯಾಹ್ನ ಮಗನ ಬಳಿ ತಾವು ಕುಳಿತು ನಿಮ್ಮನ್ನು ಮಲಗಲು ಕಳುಹಿಸುತ್ತಿದ್ದರು.

ಒಂದು ಮಾತನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ದೇವರನ್ನು ಬೇಡುವುದು ಬೇರೆ, ಆ ಕೆಲಸವನ್ನು ನಾನೇ ಮಾಡಿ ಮುಗಿಸಿದರೆ ಹೇಗೆ ಎಂಬ ಯೋಚನೆ ಬೇರೆ. ನಿಮ್ಮ ವಿಷಯದಲ್ಲೇ ಆಗಲಿ, ಮಗನ ವಿಷಯದಲ್ಲೇ ಆಗಲಿ ಅಂಥ ಯೋಚನೆ ಸುಳಿದ ದಿನ ಒಬ್ಬರೇ ಇರಬೇಡಿ. ಮಗಳಿಗೆ ಫೋನ್ ಮಾಡಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಹೊತ್ತುಗೊತ್ತು ನೋಡಬೇಕಾಗಿಯೂ ಇಲ್ಲ.

ಇನ್ನು 'ದೇವರ ಚಿತ್ತ'ದ ಮಾತು. ಬೈಬಲಿನಲ್ಲಿ ನಿಮ್ಮ ಮಗನನ್ನು ಹೋಲುವವನೊಬ್ಬನಿದ್ದಾನೆ, ಅವನ ಬಗ್ಗೆ ಪ್ರವಚನ ಕೇಳಿಬರುವುದು ಅಪರೂಪ. ಸೌಲ ರಾಜನ ಮೊಮ್ಮಗ, ಯೋನಾತಾನನ ಮಗ ಮೆಫೀಬೋಶೆತ. ಐದು ವರ್ಷದ ಹುಡುಗನಾಗಿದ್ದಾಗ ತಂದೆಯೂ ಅಜ್ಜನೂ ಯುದ್ಧದಲ್ಲಿ ಸತ್ತ ಸುದ್ದಿ ಬಂತು. ದಾದಿ ಅವನನ್ನು ಎತ್ತಿಕೊಂಡು ಓಡಿದಳು, ಅವಸರದಲ್ಲಿ ಮಗು ಬಿತ್ತು, ಎರಡೂ ಕಾಲು ಹೋದವು. ಎರಡನೆಯ ಸಮುವೇಲ ಗ್ರಂಥದ ನಾಲ್ಕನೆಯ ಅಧ್ಯಾಯ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ದೇವರು ಬೀಳಿಸಿದರು ಎನ್ನುವುದಿಲ್ಲ, ಅಜ್ಜನ ಪಾಪದ ಫಲ ಎನ್ನುವುದಿಲ್ಲ. ಹುಟ್ಟುಕುರುಡನನ್ನು ಕಂಡು "ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ" ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದದ್ದು ನಿಮಗೆ ಗೊತ್ತೇ ಇದೆ. ನಮ್ಮ ಗೇರು ಗುಡ್ಡಗಳ ಮೇಲೆ 2000ದವರೆಗೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸಿಂಪಡಿಸಿದವರು ಮನುಷ್ಯರು. ಅದನ್ನು ದೇವರ ಲೆಕ್ಕಕ್ಕೆ ಬರೆದು ಮನುಷ್ಯರನ್ನು ಬಿಡುಗಡೆ ಮಾಡುವ ಭಕ್ತಿ ನನಗೆ ಒಗ್ಗುವುದಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತಲ್ಲ, ಅದರ ಹಿಂದೆ ವರ್ಷಗಟ್ಟಲೆ ಹೋರಾಡಿದವರಿದ್ದರು. ಆದೇಶದ ನಂತರವೂ ಹಣ ಕೈಗೆ ಬರಲು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕುಳಿತುಕೊಳ್ಳಬೇಕಾಯಿತು. ದೇವರ ಚಿತ್ತವನ್ನು ಹುಡುಕುವುದಾದರೆ ನಾನು ಆ ತಾಯಂದಿರ ನಡುವೆ ಹುಡುಕುತ್ತೇನೆ.

ಮೆಫೀಬೋಶೆತನಿಗೆ ಮುಂದೆ ಏನಾಯಿತು ನೋಡಿ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ರಾಜ್ಯ ದಾವೀದನ ಕೈಗೆ ಬಂದು ಎಷ್ಟೋ ಕಾಲವಾದ ಮೇಲೆ ಅವನು ಕೇಳಿದ: ಸೌಲನ ಮನೆಯವರಲ್ಲಿ ಯಾರಾದರೂ ಉಳಿದಿದ್ದಾರೆಯೇ, ಯೋನಾತಾನನ ನಿಮಿತ್ತ ದಯೆ ತೋರಿಸಬೇಕು ಎಂದು. ಹುಡುಕಿಸಿ ಕರೆಸಿದ, ಸೌಲನ ಹೊಲಗಳನ್ನೆಲ್ಲ ಹಿಂದಕ್ಕೆ ಕೊಟ್ಟ, ತನ್ನ ಮಕ್ಕಳ ಸಾಲಿನಲ್ಲೇ ಊಟಕ್ಕೆ ಕೂರಿಸಿದ. ಪ್ರವಚನದಲ್ಲಿ ಹೇಳಿದರೆ ಇಲ್ಲಿಗೇ ನಿಲ್ಲಿಸುತ್ತಾರೆ, ದಾವೀದನನ್ನು ಹೊಗಳಿ ಮುಗಿಸುತ್ತಾರೆ. ಆದರೆ 'ಯೋನಾತಾನನ ನಿಮಿತ್ತ' ಎಂದರೆ ಏನು? ಅದಕ್ಕೆ ಮೊದಲನೆಯ ಸಮುವೇಲ ಗ್ರಂಥದ ಇಪ್ಪತ್ತನೆಯ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಯೋನಾತಾನ ಇನ್ನೂ ಬದುಕಿದ್ದಾನೆ, ರಾಜಕುಮಾರನಾಗಿದ್ದಾನೆ. ದಾವೀದನೇ ಸೌಲನಿಗೆ ಹೆದರಿ ಜೀವ ಕೈಯಲ್ಲಿ ಹಿಡಿದುಕೊಂಡು ಓಡುತ್ತಿರುವವನು. ಅಂಥ ಹೊತ್ತಿನಲ್ಲಿ ಯೋನಾತಾನ ಅವನಿಂದ ಮಾತು ಕೇಳುತ್ತಾನೆ: ನನ್ನ ಮನೆತನಕ್ಕೆ ತೋರುವ ದಯೆಯನ್ನು ಎಂದಿಗೂ ನಿಲ್ಲಿಸಬೇಡ. ಕೇಳಿ ಸುಮ್ಮನಾಗಲಿಲ್ಲ, ಆಣೆ ಮಾಡಿಸಿಕೊಂಡ. ಮುಂದೆ ಸೌಲನ ವಂಶದ ಏಳು ಮಂದಿಯನ್ನು ಕೊಲ್ಲಲು ಒಪ್ಪಿಸಬೇಕಾಗಿ ಬಂದಾಗ ಮೆಫೀಬೋಶೆತನ ಜೀವ ಉಳಿಸಿದ್ದು ಅದೇ ಆಣೆ.

ದೇವರು ನಂಬಿಗಸ್ತರು ಎಂದು ನಾನೂ ನಂಬುತ್ತೇನೆ. ಆದರೆ ಈ ಕಥೆಯಲ್ಲಿ ಆ ನಂಬಿಗಸ್ತಿಕೆ ಕುಂಟ ಹುಡುಗನ ಮನೆಗೆ ಬಂದದ್ದು ಅವನ ತಂದೆ ಬದುಕಿದ್ದಾಗ ಮಾಡಿಟ್ಟ ಒಡಂಬಡಿಕೆಯ ದಾರಿಯಲ್ಲಿ. ಯೋನಾತಾನನಿಗೆ ವಿಶ್ವಾಸ ಸಾಲದು ಎಂದು ಯಾರಾದರೂ ಹೇಳಿಯಾರೇ?

ನಾಳೆಯ ಚಿಂತೆ ಬೇಡ ಎಂದವರು ಯೇಸು, ನಿಜ. ಅದೇ ಯೇಸು ಶಿಲುಬೆಯ ಮೇಲಿಂದ ತಾಯಿಯನ್ನು ಕಂಡು ಏನು ಹೇಳಿದರು ಎಂಬುದನ್ನು ಪ್ರತಿ ಶುಭ ಶುಕ್ರವಾರ ಕೇಳುತ್ತೀರಿ. ಅಮ್ಮಾ, ತಂದೆಯಾದ ದೇವರು ನೋಡಿಕೊಳ್ಳುತ್ತಾರೆ, ಹೋಗಿ ಬಾ ಎನ್ನಲಿಲ್ಲ. ಎದುರಿಗೆ ನಿಂತಿದ್ದ ಶಿಷ್ಯನನ್ನು ತೋರಿಸಿ "ಇಗೋ ನಿನ್ನ ಮಗ" ಎಂದರು, ಅವನಿಗೆ "ಇಗೋ ನಿನ್ನ ತಾಯಿ" ಎಂದರು. ಆ ಗಳಿಗೆಯಿಂದಲೇ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡುಹೋದ ಎಂದು ಯೊವಾನ್ನನ ಶುಭಸಂದೇಶ ಬರೆದಿಟ್ಟಿದೆ. ಕೂಟದಲ್ಲಿ ಮತ್ತೆ ಯಾರಾದರೂ ಮತ್ತಾಯನ ಆರನೆಯ ಅಧ್ಯಾಯ ತೆಗೆದರೆ, ನೀವು ಯೊವಾನ್ನನ ಹತ್ತೊಂಬತ್ತನ್ನು ತೆಗೆದು ಮುಂದಿಡಿ.

ಮೈದುನನ ವಿಷಯಕ್ಕೆ ಬರೋಣ. ಅವನು ಕೆಟ್ಟವನೆಂದು ಹೇಳಲು ನನ್ನ ಬಳಿ ಏನೂ ಇಲ್ಲ. ಆದರೆ ಮೆಫೀಬೋಶೆತನ ಕಥೆಗೆ ಇನ್ನೊಂದು ಭಾಗವಿದೆ. ಅವನ ಹೊಲ ನೋಡಿಕೊಳ್ಳಲು ದಾವೀದ ನೇಮಿಸಿದ್ದು ಚೀಬ ಎಂಬವನನ್ನು. ಹದಿನೈದು ಗಂಡುಮಕ್ಕಳು, ಇಪ್ಪತ್ತು ಆಳುಗಳಿದ್ದ ಕುಳ. ಮುಂದೆ ಮಗ ಅಬ್ಸಾಲೋಮನ ದಂಗೆಯಲ್ಲಿ ದಾವೀದ ಊರು ಬಿಟ್ಟು ಓಡುವಾಗ ಚೀಬ ಎರಡು ಕತ್ತೆಗಳ ಮೇಲೆ ರೊಟ್ಟಿ, ಒಣದ್ರಾಕ್ಷಿ, ದ್ರಾಕ್ಷಾರಸ ಹೇರಿಕೊಂಡು ಎದುರಾದ. ನಿನ್ನ ಯಜಮಾನ ಎಲ್ಲಿ ಎಂದು ಕೇಳಿದರೆ, ರಾಜ್ಯ ತನಗೆ ಸಿಗುತ್ತದೆಂದು ಜೆರುಸಲೇಮಿನಲ್ಲೇ ಕುಳಿತಿದ್ದಾನೆ ಎಂದ. ದಾವೀದ ವಿಚಾರಿಸಲೂ ಇಲ್ಲ, ಆಸ್ತಿಯೆಲ್ಲ ನಿನ್ನದೇ ಎಂದುಬಿಟ್ಟ. ಹಿಂತಿರುಗಿ ಬಂದಾಗ ಮೆಫೀಬೋಶೆತ ಗಡ್ಡ ಕತ್ತರಿಸದೆ, ಬಟ್ಟೆ ಒಗೆಯದೆ ಎದುರು ನಿಂತು, ನಾನು ಕುಂಟ, ಕತ್ತೆಗೆ ತಡಿ ಹಾಕಿ ಬರಬೇಕೆಂದಿದ್ದೆ, ಆಳು ನನಗೆ ಮೋಸ ಮಾಡಿದ ಎಂದ. ಆಗಲೂ ದಾವೀದ ಕೊಟ್ಟ ತೀರ್ಪು ಅರ್ಧ ನಿನಗೆ, ಅರ್ಧ ಚೀಬನಿಗೆ ಎಂಬುದು! ಒಳ್ಳೆಯ ರಾಜನೇ ಇದ್ದರೂ, ಮಾತಾಡಲು ಬಾರದವನ ಅಥವಾ ನಡೆಯಲಾರದವನ ಆಸ್ತಿಗೆ ಕೇಳುವವರಿಲ್ಲದಿದ್ದರೆ ಆಗುವುದು ಇದು. ಮೆಫೀಬೋಶೆತನಿಗಾದರೂ ಬಾಯಿ ಇತ್ತು.

ಆದ್ದರಿಂದ ಜಾಗವನ್ನು ಮೈದುನನ ಹೆಸರಿಗೆ ಬರೆಯಬೇಡಿ. ಬರೆಯಲು ಅದು ಪೂರ್ತಿ ನಿಮ್ಮದೂ ಅಲ್ಲ. ಉಯಿಲು ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹಂಚಿಹೋಗುತ್ತದೆ: ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮವಾಗಿ. ನಿಮಗೆ ಇಬ್ಬರು ಮಕ್ಕಳು, ಹಾಗಾಗಿ ಮೂವರಿಗೂ ಮೂರರಲ್ಲೊಂದು. ಮೈದುನನಿಗೆ ಹಕ್ಕಿಲ್ಲ. ಮಗನ ಪಾಲು ಈಗಾಗಲೇ ಮಗನದು, ಅದನ್ನು ಬರೆದುಕೊಡುವ ಅಧಿಕಾರ ತಾಯಿಯಾದ ಮಾತ್ರಕ್ಕೆ ನಿಮಗೆ ಬರುವುದಿಲ್ಲ. ನೋಡಿಕೊಳ್ಳುವ ಮನಸ್ಸು ಮೈದುನನಿಗೆ ನಿಜವಾಗಿಯೂ ಇದ್ದರೆ ಜಾಗವಿಲ್ಲದೆಯೂ ಇರುತ್ತದೆ. ಅವನನ್ನು ನೋಯಿಸಬೇಕಾಗಿಲ್ಲ. "ಕಾನೂನಿನಲ್ಲಿ ಹಾಗೆ ಬರೆಯಲು ಬರುವುದಿಲ್ಲವಂತೆ" ಎಂದರೆ ಸಾಕು, ಅದು ಸುಳ್ಳಲ್ಲ.

ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ನೀವು ತಾನಾಗಿಯೇ ಅವನ ಪೋಷಕರಲ್ಲ. ಹೆಚ್ಚಿನವರಿಗೆ ಇದು ಗೊತ್ತಾಗುವುದು ಬ್ಯಾಂಕಿನಲ್ಲಿ ಸಹಿ ಕೇಳಿದಾಗ. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂದಿದೆ. ಅದರಂತೆ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಅದನ್ನು ವಿಚಾರಿಸಿ, ಮಗನ ಅಂಗವೈಕಲ್ಯ ಪ್ರಮಾಣಪತ್ರದೊಂದಿಗೆ ನಿಮ್ಮನ್ನು ಪೋಷಕರಾಗಿ ನೇಮಿಸುವಂತೆ ಅರ್ಜಿ ಕೊಡಿ. ನಿಮ್ಮ ನಂತರ ಮಗಳು ಆ ಸ್ಥಾನಕ್ಕೆ ಬರಬಹುದು, ನೋಂದಾಯಿತ ಸಂಸ್ಥೆಯೂ ಬರಬಹುದು. ನನಗೆ ಈ ಕಾಯಿದೆಯಲ್ಲಿ ಇಷ್ಟವಾಗುವುದು ಚೀಬನಂಥವರನ್ನು ನೆನೆದೇ ಬರೆದಂತಿರುವ ಭಾಗ: ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದು ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷಿಸಿದರೆ ಅಥವಾ ಆಸ್ತಿ ನುಂಗಿದರೆ ಸಂಬಂಧಿಕರು ದೂರು ಕೊಟ್ಟು ಅವರನ್ನು ತೆಗೆಸಬಹುದು.

ನಿಮ್ಮ ಸ್ವಂತ ಪಾಲಿಗೆ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿ ಹಾಕುವವರಿಗೆ ಅದೇ ಉಯಿಲಿನಲ್ಲಿ ಪಾಲು ಬರೆದರೆ ಆ ಪಾಲು ನಿಲ್ಲುವುದಿಲ್ಲ, ಆದ್ದರಿಂದ ಮಗಳಿಂದ ಸಾಕ್ಷಿ ಹಾಕಿಸಬೇಡಿ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ನಮ್ಮ ಗಡಿನಾಡಿನ ಹಳೆಯ ಕಷ್ಟ ನಿಮಗೆ ಹೇಳಿಕೊಡಬೇಕಾಗಿಲ್ಲ, ಕಾಗದ ಮಲಯಾಳದಲ್ಲಿದ್ದರೆ ನಂಬಿಕಸ್ಥರಿಂದ ಓದಿಸಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳದೆ ಒಂದಕ್ಕೂ ಸಹಿ ಹಾಕಬೇಡಿ. ಮೈದುನ ತಂದ ಕಾಗದಕ್ಕಂತೂ ಬೇಡವೇ ಬೇಡ.

ದಾವೀದನನ್ನು ಹೊಗಳುವ ಭರದಲ್ಲಿ ಎಲ್ಲರೂ ಮರೆಯುವ ಒಬ್ಬನಿದ್ದಾನೆ, ಮಾಕೀರ. ಮೆಫೀಬೋಶೆತ ಐದು ವರ್ಷದ ಮಗುವಾಗಿದ್ದವನು ಒಂದು ಮಗುವಿನ ತಂದೆಯಾಗುವಷ್ಟು ಕಾಲ ಕಳೆದಿತ್ತು, ದಾವೀದನಿಗೆ ಆಣೆ ನೆನಪಾಗುವ ಹೊತ್ತಿಗೆ. ಅಲ್ಲಿಯವರೆಗೆ ಅವನಿದ್ದದ್ದು ಲೋದೆಬಾರಿನಲ್ಲಿ, ಈ ಮಾಕೀರನ ಮನೆಯಲ್ಲಿ. ಬಿದ್ದುಹೋದ ರಾಜವಂಶದ ಕುಂಟ ಹುಡುಗನನ್ನು ಇಟ್ಟುಕೊಂಡರೆ ಲಾಭವೇನೂ ಇರಲಿಲ್ಲ, ಅಪಾಯವಿತ್ತು. ಇಟ್ಟುಕೊಂಡ. ನಿಮಗೆ ಬೇಕಾದವರು ಇಂಥವರು, ಒಬ್ಬರಲ್ಲ, ನಾಲ್ಕೈದು ಮಂದಿ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ, ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಯ ಟೀಚರ್, ಚರ್ಚಿನ ಗುರಿಕಾರರು, ಹಾಲು ತರುವ ನೆರೆಯವಳು. ಮಗನನ್ನು ಮನೆಯೊಳಗೇ ಇಟ್ಟುಕೊಂಡರೆ ಇವರ್ಯಾರಿಗೂ ಅವನ ಪರಿಚಯವಾಗುವುದಿಲ್ಲ. ವಾರಕ್ಕೆ ಕೆಲವು ಗಂಟೆ ಅವನು ಬೇರೆಯವರ ಕೈಯಿಂದ ಉಣ್ಣಲಿ. ಮೊದಮೊದಲು ಹಠ ಮಾಡುತ್ತಾನೆ, ನಿಮಗೂ ಕರುಳು ಹಿಂಡಿದಂತಾಗುತ್ತದೆ. ಆದರೂ ಮಾಡಿ. ನೀವಿರುವಾಗಲೇ ಅವನಿಗೆ ರೂಢಿಯಾಗಬೇಕು.

ಮಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅವಳನ್ನು ಕೇಳಿಲ್ಲ, ಅಲ್ಲವೇ? ಮದುವೆಯಾಗಿ ಹೋದವಳಿಗೆ ಹೊರೆ ಹೊರಿಸಬಾರದು ಎಂದುಕೊಂಡಿರಬೇಕು. ಯೋನಾತಾನ ಬಾಯಿಬಿಟ್ಟು ಕೇಳಿದ. ನೀವೂ ಕೇಳಿ, ಅಳಿಯನ ಎದುರಿಗೇ ಕೇಳಿ. "ನೋಡಿಕೊಳ್ಳುತ್ತೀಯಾ" ಎಂದು ಒಟ್ಟಾಗಿ ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಮನೆಗೆ ಕರೆದುಕೊಳ್ಳುವುದು, ಕಾಗದಪತ್ರ ನೋಡಿಕೊಳ್ಳುವುದು, ತಿಂಗಳಿಗೊಮ್ಮೆ ಬಂದು ಹೋಗುವುದು, ಇವು ಮೂರು ಬೇರೆ ಬೇರೆ ಕೆಲಸ. ಅವಳಿಂದ ಯಾವುದು ಆದೀತು ಎಂದು ಕೇಳಿ. ಎರಡಕ್ಕೆ ಒಪ್ಪಿ ಒಂದಕ್ಕೆ ಆಗದು ಎಂದರೆ ಬೇಸರಿಸಬೇಡಿ. ಆ ಒಂದಕ್ಕೆ ಮಾಕೀರರನ್ನು ಹುಡುಕಬೇಕು, ಹುಡುಕುವುದಕ್ಕೆ ನಿಮಗಿನ್ನೂ ಆಯುಸ್ಸಿದೆ.

ಕೊನೆಯದಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹೊಟ್ಟೆ ನೋವಾದರೆ ಮಗ ಏನು ಮಾಡುತ್ತಾನೆ, ಕಿವಿ ನೋವಾದರೆ ಏನು ಮಾಡುತ್ತಾನೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಗಂಜಿ ಎಷ್ಟು ಬಿಸಿಯಿದ್ದರೆ ಕುಡಿಯುತ್ತಾನೆ, ಗುಡುಗಿದರೆ ಹೇಗೆ ಸಮಾಧಾನಪಡಿಸಬೇಕು ಎಂಬುದೆಲ್ಲ ಈಗ ಇರುವುದು ನಿಮ್ಮ ತಲೆಯಲ್ಲಿ ಮಾತ್ರ. ಅವನಿಗೆ ಮಾತಿಲ್ಲ, ನಾಳೆ ನೋಡಿಕೊಳ್ಳುವವರಿಗೆ ಅವನು ಹೇಳಲಾರ. ಬರೆಯಲು ಪುರುಸೊತ್ತಿಲ್ಲದಿದ್ದರೆ ನೀವು ಹೇಳುತ್ತಾ ಹೋಗಿ, ಮುಂದಿನ ಸಲ ಬಂದಾಗ ಮಗಳು ಬರೆದುಕೊಳ್ಳಲಿ. ಅವಳನ್ನು ಕೇಳಬೇಕಾದ ಮಾತನ್ನು ಎತ್ತುವುದಕ್ಕೂ ಅದು ಒಳ್ಳೆಯ ಸಮಯ.