ಆಫ್ ಮಾಡಿದರೂ ಮಿನುಗುವ ಬಲ್ಬ್, ಹಳದಿ ಉರಿ, ವರ್ಷ ವರ್ಷ ಗ್ಯಾಸ್ ಕೇಳುವ ಎಸಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಹಳೆಯ ಬಲ್ಬ್ ತೆಗೆದು ನಾನೇ ಎಲ್‌ಇಡಿ ಹಾಕಿದೆ. ಸ್ವಿಚ್ ಆಫ್ ಮಾಡಿದರೂ ರಾತ್ರಿಯೆಲ್ಲ ಮಿಣಮಿಣ ಅಂತ ಉರಿಯುತ್ತಿರುತ್ತದೆ. ಬೇರೆ ಬಲ್ಬ್ ಹಾಕಿದರೂ ಅದೇ ಕಥೆ. ಹೀಗೇ ಬಿಡಬಹುದಾ?

ಉತ್ತರ: ಬಿಡಬೇಡಿ, ಕಾರಣ ಹುಡುಕಿ. ಎಲ್‌ಇಡಿ ಮಿನುಗಲು ಚೂರೇ ಚೂರು ಕರೆಂಟ್ ಸಾಕು. ಅಷ್ಟಕ್ಕೆ ಹಳೆಯ ಬಲ್ಬಿನ ತಂತಿ ಬೆಚ್ಚಗೂ ಆಗುತ್ತಿರಲಿಲ್ಲ. ವೈರಿಂಗ್‌ನಲ್ಲಿ ಮೊದಲಿನಿಂದಲೂ ಇದ್ದದ್ದು ಈಗ ಕಣ್ಣಿಗೆ ಬಿದ್ದಿದೆ.

ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ. ಸ್ವಿಚ್‌ನಲ್ಲೇ ಪುಟ್ಟ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಸ್ವಲ್ಪ ಕರೆಂಟ್ ಬಲ್ಬ್‌ಗೆ ಹೋಗುತ್ತದೆ. ಫೇಸ್ ವೈರ್ (ಕರೆಂಟ್ ತರುವ ವೈರ್) ಮತ್ತು ಸ್ವಿಚ್‌ನಿಂದ ಬರುವ ವೈರ್ ಒಂದೇ ಪೈಪಿನಲ್ಲಿ ಬಹಳ ದೂರ ಒಟ್ಟಿಗೆ ಓಡಿದ್ದರೆ, ಒಂದಕ್ಕೊಂದು ತಾಗದೆಯೇ ಚೂರು ವೋಲ್ಟೇಜ್ ಹಾಯುತ್ತದೆ. ಇವೆರಡೂ ಕಿರಿಕಿರಿ ಅಷ್ಟೇ. ಮೂರನೆಯದು ನಿಜಕ್ಕೂ ಅಪಾಯ: ಸ್ವಿಚ್ ಅನ್ನು ಫೇಸ್ ಬದಲು, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್‌ಗೆ ಹಾಕಿರುತ್ತಾರೆ. ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆ, ಆಫ್ ಮಾಡಿದರೆ ಆರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆಫ್ ಇದ್ದಾಗಲೂ ಹೋಲ್ಡರ್‌ನಲ್ಲಿ ಪೂರ್ತಿ ಕರೆಂಟ್ ಬರುತ್ತಲೇ ಇರುತ್ತದೆ. ಸ್ಟೂಲ್ ಹತ್ತಿ ಬಲ್ಬ್ ಬದಲಿಸುವಾಗ ಬೆರಳು ತಾಗಿದರೆ ಶಾಕ್ ಜತೆಗೆ ಬಿದ್ದ ಪೆಟ್ಟೂ ಸೇರುತ್ತದೆ.

ಟೆಸ್ಟರ್ ಹಿಡಿದು ಅಭ್ಯಾಸ ಇದ್ದರೆ ಮೊದಲು ಕರೆಂಟ್ ಇರುವ ಸಾಕೆಟ್‌ಗೆ ಹಾಕಿ, ಟೆಸ್ಟರ್ ಸರಿಯಿದೆಯಾ ನೋಡಿ. ಸ್ವಿಚ್ ಆಫ್ ಮಾಡಿ, ಬಲ್ಬ್ ತೆಗೆದು, ಹೋಲ್ಡರ್‌ನ ಒಂದೊಂದು ಪಿನ್‌ಗೂ ತಾಗಿಸಿ. ಮತ್ತೆ ಸಾಕೆಟ್‌ಗೆ ಬಂದು ಟೆಸ್ಟರ್ ಇನ್ನೂ ಹತ್ತುತ್ತಿದೆಯಾ ನೋಡಿ. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಟ್ಟುಹೋದ ಟೆಸ್ಟರ್ ಕೂಡ 'ಕರೆಂಟ್ ಇಲ್ಲ' ಅಂತಲೇ ಹೇಳುತ್ತದೆ ಅಲ್ವಾ? ಹೋಲ್ಡರ್‌ನಲ್ಲಿ ಮಂದ ಬೆಳಕು ಕಂಡರೆ ಮೊದಲ ಎರಡು ಕಾರಣ ಇರಬಹುದು. ಸಾಕೆಟ್‌ನಲ್ಲಿ ಕಂಡಷ್ಟೇ ಜೋರಾಗಿ ಹತ್ತಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆ ಅಂತಲೇ ಲೆಕ್ಕ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಖಚಿತ ಮಾಡಿ ವೈರ್ ಅದಲು ಬದಲು ಮಾಡಲಿ. ಅಲ್ಲಿಯವರೆಗೆ ಆ ಬಲ್ಬ್ ಮುಟ್ಟುವ ಮುಂಚೆ ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ. ಟೆಸ್ಟರ್ ಅಭ್ಯಾಸ ಇಲ್ಲದವರು ಈ ಪರೀಕ್ಷೆಯನ್ನೂ ಅವರಿಗೇ ಬಿಡಿ.

ಪ್ರಶ್ನೆ: ಗ್ಯಾಸ್ ಸ್ಟವ್‌ನಲ್ಲಿ ಉರಿ ಹಳದಿಯಾಗಿ ಬರುತ್ತಿದೆ. ಪಾತ್ರೆಗಳ ತಳವೆಲ್ಲ ಮಸಿ. ನಾನೇ ಬಿಚ್ಚಿ ಸರಿ ಮಾಡಬಹುದಾ?

ಉತ್ತರ: ಅರ್ಧ ಕೆಲಸ ನೀವೇ ಮಾಡಬಹುದು. ಹಳದಿ ಉರಿ ಅಂದರೆ ಗ್ಯಾಸ್‌ಗೆ ಬೇಕಾದಷ್ಟು ಗಾಳಿ ಬೆರೆಯುತ್ತಿಲ್ಲ. ಪೂರ್ತಿ ಉರಿಯದ ಇಂಗಾಲವೇ ಆ ಮಸಿ. ಅದರ ಜತೆಗೆ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಹುಟ್ಟುತ್ತದೆ. ಹಾಗಾಗಿ ಪಾತ್ರೆ ತಿಕ್ಕಿ ಸುಮ್ಮನಾಗಬೇಡಿ.

ರೆಗ್ಯುಲೇಟರ್ ಆಫ್ ಮಾಡಿ. ಬರ್ನರ್ ಆರಿದ ಮೇಲೆ ಎತ್ತಿಕೊಂಡು ಬಿಸಿ ಸೋಪಿನ ನೀರಲ್ಲಿ ನೆನೆಸಿ, ಬ್ರಶ್‌ನಿಂದ ಉಜ್ಜಿ. ಕಟ್ಟಿಕೊಂಡ ತೂತುಗಳನ್ನು ತೆಳು ಪಿನ್ನಿನಿಂದ ಬಿಡಿಸಿ, ಆದರೆ ತೂತು ದೊಡ್ಡದಾಗಬಾರದು. ಕೆಳಗಿನ ಗಾಳಿ ಹೋಗುವ ಕಿಂಡಿಯನ್ನೂ ನೋಡಿ, ಅಲ್ಲಿ ಜೇಡರ ಬಲೆ ಕಟ್ಟಿರುವುದುಂಟು. ಪೂರ್ತಿ ಒಣಗಿಸಿ ಅಲುಗಾಡದಂತೆ ಕೂರಿಸಿ. ಬರ್ನರ್‌ಗೆ ಗ್ಯಾಸ್ ಚಿಮ್ಮಿಸುವ ಹಿತ್ತಾಳೆಯ ಜೆಟ್‌ಗೆ ಮಾತ್ರ ಪಿನ್ ಹಾಕಬೇಡಿ. ಅದರ ತೂತಿನ ಅಳತೆ ನೀವು ಬಳಸುವ ಗ್ಯಾಸ್‌ಗೆ ತಕ್ಕಂತೆ ಇರುತ್ತದೆ. ಸಿಲಿಂಡರ್ ಗ್ಯಾಸ್‌ನ ಜೆಟ್ ಪೈಪ್ ಗ್ಯಾಸ್‌ನದ್ದಕ್ಕಿಂತ ಚಿಕ್ಕದು. ಹಿಗ್ಗಿದರೆ ಗ್ಯಾಸ್ ಜಾಸ್ತಿಯಾಗಿ ಉರಿ ಇನ್ನೂ ಹಳದಿಯಾಗುತ್ತದೆ. ತೊಳೆದ ಮೇಲೂ ನೀಲಿ ಉರಿ ಬರದಿದ್ದರೆ ಮೆಕ್ಯಾನಿಕ್ ಕರೆಸಿ.

ಸ್ಟವ್ ಸರಿಸಿದ್ದೀರಿ ಅಂದಮೇಲೆ ಟ್ಯೂಬನ್ನೂ ನೋಡಿ. ನಾಬ್‌ಗಳನ್ನು ಮುಚ್ಚಿ, ರೆಗ್ಯುಲೇಟರ್ ಆನ್ ಮಾಡಿ, ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಏಳುತ್ತಾ ದೊಡ್ಡದಾದರೆ ಲೀಕ್ ಇದೆ. ಬೆಂಕಿಕಡ್ಡಿ ಹಿಡಿದು ನೋಡುವ ಕೆಲಸ ಯಾವತ್ತೂ ಬೇಡ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ಎಕ್ಸಾಸ್ಟ್ ಫ್ಯಾನ್ ಹಾಕುವುದೂ ಬೇಡ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡಿರುತ್ತದೆ. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಎಲ್ಲರೂ ಹೊರಗೆ ಬಂದು ಅಲ್ಲಿಂದ ಫೋನ್ ಮಾಡಿ.

ಪ್ರಶ್ನೆ: ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದೆ. ಸ್ನಾನ ಮುಗಿಸುವಷ್ಟರಲ್ಲಿ ತಲೆ ಸುತ್ತುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕಾ?

ಉತ್ತರ: ಸಾಲದು. ದಯವಿಟ್ಟು ಆ ಗೀಸರನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೂ ತೋರಿಸಿ. ನೀವು ಹೇಳಿದ ಲಕ್ಷಣ ಕಾರ್ಬನ್ ಮಾನಾಕ್ಸೈಡ್‌ನದ್ದು ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಅದನ್ನು 200 ಪಟ್ಟಿಗೂ ಜಾಸ್ತಿ ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆ ಸುತ್ತಿದ ಮೇಲೆ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯದೇ ಹೋಗಬಹುದು. ಹೊಗೆ ಕೊಳವೆ ಇರುವ ಗೀಸರ್ ಆದರೆ ಎಕ್ಸಾಸ್ಟ್ ಫ್ಯಾನ್ ಹೊರಗೆ ಹೋಗಬೇಕಾದ ಹೊಗೆಯನ್ನೇ ಒಳಗೆ ಎಳೆಯುವ ಸಾಧ್ಯತೆ ಇದೆ. ಗೀಸರನ್ನು ಗಾಳಿಯಾಡುವ ಹೊರಜಾಗಕ್ಕೆ ತೆಗೆಸಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಈ ಕೆಲಸ ತಿಳಿದವರೇ ಮಾಡಬೇಕು.

ಪ್ರಶ್ನೆ: ಪ್ರತಿ ಬೇಸಿಗೆಗೂ ಎಸಿಗೆ 'ಗ್ಯಾಸ್ ಖಾಲಿಯಾಗಿದೆ' ಅಂತ ತುಂಬಿಸುತ್ತಾರೆ. ಎಸಿ ಗ್ಯಾಸ್ ಹೀಗೆ ಖರ್ಚಾಗುತ್ತದಾ?

ಉತ್ತರ: ಖರ್ಚಾಗುವುದಿಲ್ಲ. ಅದು ಮುಚ್ಚಿದ ಪೈಪುಗಳ ಒಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗ ಮುಚ್ಚದೆ ಗ್ಯಾಸ್ ಹಾಕುವುದು, ಪಂಕ್ಚರ್ ತಿದ್ದದೆ ಸೈಕಲ್‌ಗೆ ಗಾಳಿ ಹೊಡೆದಂತೆ.

ಯಾರನ್ನಾದರೂ ಕರೆಯುವ ಮುಂಚೆ ಫಿಲ್ಟರ್ ತೆಗೆದು ನಲ್ಲಿ ನೀರಲ್ಲಿ ತೊಳೆದು ಒಣಗಿಸಿ ಹಾಕಿ. ಹೊರಗಿನ ಯೂನಿಟ್‌ಗೆ ಏನೂ ಅಡ್ಡ ಇರದಂತೆ ನೋಡಿ. ಧೂಳು ಕಟ್ಟಿದ ಫಿಲ್ಟರ್‌ನಿಂದಲೂ ಕೂಲಿಂಗ್ ಇಳಿಯುತ್ತದೆ, ಒಳಗಿನ ಕಾಯಿಲ್ ಮೇಲೆ ಐಸ್ ಕೂರುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಐಸ್ ಕೂರುವುದರಿಂದ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಸುಲಭ.

ಫಿಲ್ಟರ್ ತೊಳೆದ ಮೇಲೂ ತಂಪಾಗದಿದ್ದರೆ ಮೆಕ್ಯಾನಿಕ್ ಬರಲಿ. ತಾಮ್ರದ ಪೈಪಿನ ಜಾಯಿಂಟ್‌ಗಳ ಸುತ್ತ ಎಣ್ಣೆಯ ಕಲೆ ಇದೆಯಾ ಅಂತ ಇಬ್ಬರೂ ಸೇರಿ ನೋಡಿ. ಗ್ಯಾಸ್ ಜತೆಗೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ ಲೀಕ್ ಇರುವ ಕಡೆ ಜಿಡ್ಡು ಕಾಣಬಹುದು. ಲೀಕ್ ಮುಚ್ಚಿ, ನೈಟ್ರೋಜನ್ ಹಾಕಿ ಪ್ರೆಶರ್ ಪರೀಕ್ಷೆ ಮಾಡಿ, ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ ತೆಗೆದು, ಯೂನಿಟ್‌ನ ಚೀಟಿಯಲ್ಲಿ ಬರೆದಷ್ಟು ಗ್ರಾಂ ಗ್ಯಾಸನ್ನು ತೂಗಿ ತುಂಬಿಸಲು ಹೇಳಿ. ಹೀಗೆ ಕೇಳುವುದಕ್ಕೆ ಸಂಕೋಚ ಬೇಡ.

ನೀವೇ ಗ್ಯಾಸ್ ತುಂಬುವ ಯೋಚನೆ ಮಾತ್ರ ಬೇಡ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸ್‌ಗೆ ಬೆಂಕಿ ಹತ್ತಬಲ್ಲದು. ಕೆಲವು ಎಸಿಗಳಲ್ಲಿರುವ ಆರ್-290 ಅಂತೂ ಸುಲಭವಾಗಿ ಉರಿಯುವ ಪ್ರೊಪೇನ್ ಅನಿಲವೇ. ಹೊರಗಿನ ಯೂನಿಟ್‌ನ ಕೆಪಾಸಿಟರ್ (ಮೋಟರ್ ತಿರುಗಲು ನೆರವಾಗುವ, ಚಾರ್ಜ್ ಕೂಡಿಟ್ಟುಕೊಳ್ಳುವ ಪುಟ್ಟ ಭಾಗ) ಪವರ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು.

ಪ್ರಶ್ನೆ: ಸೀಲಿಂಗ್ ಫ್ಯಾನ್ ಫುಲ್‌ನಲ್ಲಿಟ್ಟರೂ ನಿಧಾನ. ಮೋಟರ್ ಹೋಯಿತಾ?

ಉತ್ತರ: ಬಹುತೇಕ ಕೆಪಾಸಿಟರ್ ಸೋತಿರುತ್ತದೆ. ಮೇನ್ ಆಫ್ ಮಾಡಿ, ಕೈಯಿಂದ ರೆಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಬದಲಿಸಿ. ಹಳೆಯದರ ಮೇಲೆ 2.5 ಮೈಕ್ರೋಫ್ಯಾರಡ್ (ಕೆಪಾಸಿಟರ್ ಸಾಮರ್ಥ್ಯದ ಅಳತೆ) ಅಂತಿದ್ದರೆ ಹೊಸದೂ ಅಷ್ಟೇ ಇರಲಿ, ವೋಲ್ಟೇಜ್ ಅಂಕಿ ಅದಕ್ಕಿಂತ ಕಡಿಮೆ ಬೇಡ. ವೇಗ ಬರಲಿ ಅಂತ ಜಾಸ್ತಿ ಮೈಕ್ರೋಫ್ಯಾರಡ್ ಹಾಕಿದರೆ ಮೋಟರ್ ಬಿಸಿಯಾಗುತ್ತದೆ. ಕೈಗೇ ಬಿಗಿ ಅನಿಸಿದರೆ ಬೇರಿಂಗ್ ಬದಲಿಸಬೇಕು, ಅದಕ್ಕೆ ಫ್ಯಾನ್ ಇಳಿಸಲೇಬೇಕು.