ಹೊರದೇಶದ ವಿದ್ಯಾರ್ಥಿಗಳ ಜೊತೆ ಆನ್‌ಲೈನ್ ತಂಡ ಕಟ್ಟಿ ಪ್ರಾಜೆಕ್ಟ್ ಮಾಡಿಸಿದರೆ ನಮ್ಮ ಎಂಜಿನಿಯರಿಂಗ್ ಮಕ್ಕಳಿಗೆ ನಿಜವಾಗಿ ಏನಾದರೂ ಸಿಗುತ್ತದೆಯೇ?

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆಡಳಿತ ಮಂಡಳಿಯವರು ವಿದೇಶಿ ವಿಶ್ವವಿದ್ಯಾಲಯವೊಂದರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಎರಡೂ ಕಡೆಯ ವಿದ್ಯಾರ್ಥಿಗಳ ಜಂಟಿ ಪ್ರಾಜೆಕ್ಟನ್ನು ಹೊಸದಾಗಿ ಕೆಲಸಕ್ಕೆ ಸೇರಿದ ನಿಮ್ಮ ಕೊರಳಿಗೆ ಕಟ್ಟಿದ್ದಾರೆ. ಇದು ಮಕ್ಕಳಿಗಾಗಿಯೋ, ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ಸಮಿತಿಗೆ ತೋರಿಸುವ ಫೋಟೋಗಾಗಿಯೋ ಎಂದು ಕೇಳಿದ್ದೀರಿ. ನಾನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ಇಂಥ ಪ್ರಾಜೆಕ್ಟನ್ನು ನಾಲ್ಕು ಸಲ ಮಾಡಿಸಿದ್ದೇನೆ, ಮೊದಲ ಸಲ ಅಮೆರಿಕದವರ ಜೊತೆ, ಆಮೇಲೆ ಮೂರು ಸಲ ಜರ್ಮನಿಯ ಉತ್ಪನ್ನ ವಿನ್ಯಾಸದ ವಿದ್ಯಾರ್ಥಿಗಳ ಜೊತೆ. ಫೋಟೋ ಖಂಡಿತ ಸಿಗುತ್ತದೆ. ಉಳಿದದ್ದು ಸಿಗುತ್ತದೆಯೋ ಇಲ್ಲವೋ ಎಂಬುದಕ್ಕೆ ಒಂದು ಏಣಿಯ ಕಥೆ ಹೇಳುತ್ತೇನೆ.

ಜರ್ಮನಿಯವರ ಜೊತೆ ಮೊದಲ ಸಲ ಆರಿಸಿಕೊಂಡ ವಿಷಯ ಕಾಳುಮೆಣಸು ಕೊಯ್ಯುವ ಏಣಿ. ಸಕಲೇಶಪುರದ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. 20–30 ಅಡಿ ಎತ್ತರಕ್ಕೆ ಏಣಿ ಆನಿಸಿ ಕೊಯ್ಯಬೇಕು. ಜಾರಿ ಬೀಳುವವರಿದ್ದಾರೆ, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸಾಯುವವರೂ ಇದ್ದಾರೆ. ಜರ್ಮನಿಯ ಹುಡುಗಿಯೊಬ್ಬಳು ಎರಡನೇ ಸಭೆಯಲ್ಲಿಯೇ ಒಂದು ಚಿತ್ರ ತೋರಿಸಿದಳು: ಅಗಲವಾದ ಕಾಲುಗಳ ಏಣಿ, ತುದಿಯಲ್ಲಿ ಮರವನ್ನು ಬಿಗಿಯಾಗಿ ಸುತ್ತುವ ಪಟ್ಟಿ. ನೋಡಲು ಬಹಳ ಚೆಂದ. ನಮ್ಮ ತಂಡದಲ್ಲಿ ಇಬ್ಬರು ತೋಟದ ಮನೆಯ ಹುಡುಗರಿದ್ದರು. ಆ ಪಟ್ಟಿ ಬಿಗಿದರೆ ಬಳ್ಳಿ ಹಿಸುಕಿ ಹೋಗುತ್ತದೆ, ಇಳಿಜಾರಿನಲ್ಲಿ ಆ ಅಗಲ ಕಾಲು ನಿಲ್ಲುವುದೂ ಇಲ್ಲ ಎಂದು ಇಬ್ಬರಿಗೂ ನೋಡಿದ ತಕ್ಷಣ ಗೊತ್ತಾಗಿದೆ. ಆದರೆ ಅವರು ಹೇಳಿದ್ದು ಏನು? ಇಂಗ್ಲಿಷಿನಲ್ಲಿ, ವಿನಯದಿಂದ, ‘ನೋಡೋಣ’.

ನಮ್ಮಲ್ಲಿ ನೋಡೋಣ ಎಂದರೆ ಏನು ಅರ್ಥವೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ಮಾತುಕತೆಗೆ ಬಂದವರು ನೋಡೋಣ ಎಂದು ಎದ್ದು ಹೋದರೆ ಅವರು ಮರಳಿ ಬರುವುದಿಲ್ಲ. ಜರ್ಮನಿಯ ಮಕ್ಕಳು ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು, ಎರಡು ವಾರ ಕೂತು ಆ ಪಟ್ಟಿಯ ಕೊಂಡಿ, ಹೊಲಿಗೆ, ಬಣ್ಣ ಎಲ್ಲವನ್ನೂ ವಿನ್ಯಾಸ ಮಾಡಿದರು. ಮೂರನೇ ವಾರ ವಿಷಯ ಹೊರಬಿದ್ದಾಗ ಆ ಹುಡುಗಿ ಕೇಳಿದ್ದು ಒಂದೇ ಮಾತು: ನಿಮಗೆ ಮೊದಲೇ ಗೊತ್ತಿತ್ತೇ? ನಮ್ಮ ಹುಡುಗರು ಮೇಜು ನೋಡುತ್ತಾ ಕುಳಿತರು. ನನಗೂ ಬೇರೆಲ್ಲೂ ನೋಡಲು ಆಗಲಿಲ್ಲ, ಏಕೆಂದರೆ ಆ ಎರಡನೇ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. ಮಕ್ಕಳ ಸಂಕೋಚ ಎಂದು ಸುಮ್ಮನಿದ್ದೆ.

ಈಗ ನನ್ನ ತಂಡಗಳಲ್ಲಿ ಒಂದು ನಿಯಮವಿದೆ. ಸಭೆಯ ಟಿಪ್ಪಣಿಯಲ್ಲಿ ‘ಆಗುವುದಿಲ್ಲ’ ಎಂಬ ಕಾಲಂ ಇರುತ್ತದೆ. ಪ್ರತಿಯೊಬ್ಬರೂ ಒಂದು ಸಾಲನ್ನಾದರೂ ಅಲ್ಲಿ ಕಾರಣ ಸಹಿತ ತುಂಬಲೇಬೇಕು. ಎದುರಿನವರ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಲಾರದ ಮಕ್ಕಳು ಕಾಲಂ ತುಂಬುವ ಕೆಲಸವನ್ನು ಸಲೀಸಾಗಿ ಮಾಡುತ್ತಾರೆ. ಫಾರಂ ತುಂಬಿ ಬೆಳೆದವರಲ್ಲವೇ.

ಆ ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. ಮಕ್ಕಳನ್ನು ಬಸ್ಸಿನಲ್ಲಿ 40 ಕಿಲೋಮೀಟರ್ ಕರೆದುಕೊಂಡು ಹೋಗಿ ತೋಟದಲ್ಲಿ ನಿಲ್ಲಿಸಿದೆ, ಮೊಬೈಲಿನಲ್ಲಿ ವಿಡಿಯೋ ತೆಗೆಸಿದೆ. ಏಣಿಯಿಂದ ಇಳಿದು ಬಂದ ಕೆಲಸಗಾರರೊಬ್ಬರನ್ನು ಏನು ಕಷ್ಟ ಎಂದು ಕೇಳಿದರೆ, ಅವರು ಏಣಿಯ ಮಾತನ್ನೇ ಎತ್ತಲಿಲ್ಲ. ಹೊಟ್ಟೆಯ ಮುಂದೆ ಜೋತುಬಿದ್ದ ಚೀಲವನ್ನು ತಟ್ಟಿ ತೋರಿಸಿದರು: ಇದು ತುಂಬಿದ ಮೇಲೆ ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ಆ ಹನ್ನೆರಡು ಸೆಕೆಂಡಿನ ವಿಡಿಯೋವನ್ನು ಜರ್ಮನಿಯವರು ಎಷ್ಟು ಸಲ ನೋಡಿದರೋ. ಪಟ್ಟಿ ಬಿಟ್ಟು ಚೀಲದ ಹಿಂದೆ ಬಿದ್ದರು: ಸೊಂಟದ ಪಕ್ಕಕ್ಕೆ ಸರಿಯುವ, ಒಂದೇ ಕೈಯಲ್ಲಿ ಕಳಚಿ ಹಗ್ಗದಲ್ಲಿ ಕೆಳಗಿಳಿಸಬಹುದಾದ ಚೀಲ. ಹೊಲಿದು ಕಳುಹಿಸಿದ್ದು ಅವರು, ತೋಟದಲ್ಲಿ ತೊಡಿಸಿ ನೋಡಿದ್ದು ನಾವು. ಆದ್ದರಿಂದ ವಿಷಯ ಆರಿಸುವಾಗ ಒಂದೇ ಪರೀಕ್ಷೆ ಮಾಡಿ: ಒಂದು ಕಡೆಯವರು ಕೈಬಿಟ್ಟರೆ ಕೆಲಸ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಅದು ಜಂಟಿ ಪ್ರಾಜೆಕ್ಟ್ ಅಲ್ಲ. ‘ಸ್ಮಾರ್ಟ್ ಸಿಟಿ’ಯಂಥ ವಿಷಯ ಮಾತ್ರ ಬೇಡ, ದಯವಿಟ್ಟು.

ಅಮೆರಿಕದವರ ಜೊತೆ ಆದ ಎಡವಟ್ಟು ಬೇರೆ ಜಾತಿಯದು. ನಮ್ಮ ಲ್ಯಾಬಿನಲ್ಲಿ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ತಂತ್ರಾಂಶದ ಹಳೆಯ ಆವೃತ್ತಿ, ಅವರದು ಬೇರೆಯೇ ತಂತ್ರಾಂಶ. ಕಡತ ತೆರೆಯುತ್ತಿಲ್ಲ ಎಂದು ನಮ್ಮವರು ಒಂದು ಕೊಕ್ಕೆಯ ನಕ್ಷೆಯನ್ನು ಪಿಡಿಎಫ್ ಮಾಡಿ ಕಳುಹಿಸಿದರು. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ನಕ್ಷೆಯಲ್ಲಿ ಜೋಡಿಸಲು ಎರಡು ಕ್ರಮಗಳಿವೆ. ನಾವು ಮೊದಲ ವರ್ಷದಿಂದ ಕಲಿಸುವುದು ಫಸ್ಟ್ ಆಂಗಲ್ ಪ್ರೊಜೆಕ್ಷನ್, ಅಮೆರಿಕದಲ್ಲಿ ರೂಢಿಯಲ್ಲಿರುವುದು ಥರ್ಡ್ ಆಂಗಲ್. ನಮ್ಮಲ್ಲಿ ಬಲಬದಿಯ ನೋಟವನ್ನು ಎಡಕ್ಕೆ ಬರೆಯುತ್ತೇವೆ, ಅವರು ಎಡಕ್ಕಿರುವುದನ್ನು ಎಡಬದಿ ಎಂದೇ ಓದುತ್ತಾರೆ. ಯಾವುದೆಂದು ತಿಳಿಸುವ ಮೊಟಕು ಶಂಕುವಿನ ಚಿಹ್ನೆ ನಕ್ಷೆಯಲ್ಲಿ ಇರಲಿಲ್ಲ. ಅವರು ತಯಾರಿಸಿದ ಕೊಕ್ಕೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬಂತು. ಆ ಚಿಹ್ನೆಯನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆದು ಅಂಕ ಪಡೆದವರೇ! ಹದಿನೈದು ವರ್ಷ ಅದನ್ನು ಬೋರ್ಡಿನ ಮೇಲೆ ಬಿಡಿಸಿದ ನನಗೂ ಅದು ಏತಕ್ಕೆ ಬೇಕೆಂದು ಕಣ್ಣಾರೆ ಕಂಡದ್ದು ಅಂದೇ. ಈಗ ಮಾದರಿಗಳನ್ನು ಸ್ಟೆಪ್ ಕಡತವಾಗಿಯೇ ಕಳುಹಿಸುತ್ತೇವೆ, ಅದು ಬಹುತೇಕ ಎಲ್ಲ ವಿನ್ಯಾಸ ತಂತ್ರಾಂಶಗಳಲ್ಲಿಯೂ ತೆರೆಯುತ್ತದೆ. ಆ ಕೊಕ್ಕೆ ನನ್ನ ಮೇಜಿನ ಮೇಲಿದೆ. ಮಕ್ಕಳು ಎದೆಗುಂದಿದಾಗ ಏರ್‌ಬಸ್ ಎ380 ವಿಮಾನದ ಕಥೆ ಹೇಳುತ್ತೇನೆ. ಜರ್ಮನಿಯ ಹ್ಯಾಂಬರ್ಗ್‌ನವರು ಕಟಿಯಾ ಎಂಬ ವಿನ್ಯಾಸ ತಂತ್ರಾಂಶದ 4ನೇ ಆವೃತ್ತಿಯಲ್ಲಿ, ಫ್ರಾನ್ಸಿನ ಟುಲೂಸ್‌ನವರು 5ನೇ ಆವೃತ್ತಿಯಲ್ಲಿ ಕೆಲಸ ಮಾಡಿ, ಕಡೆಗೆ ಜೋಡಿಸುವಾಗ ವಿದ್ಯುತ್ ತಂತಿಗಳ ಉದ್ದವೇ ಸಾಲದೆ ಹೋಯಿತು. 2006ರಲ್ಲಿ ಆ ವಿಮಾನಗಳ ವಿತರಣೆ ಮುಂದಕ್ಕೆ ಹೋದದ್ದಕ್ಕೆ ಅದೂ ದೊಡ್ಡ ಕಾರಣ. ನಮ್ಮದು ಒಂದು ಕೊಕ್ಕೆ ಮಾತ್ರ.

ಸಂಖ್ಯೆ ಬರೆಯುವಾಗಲೂ ಎಚ್ಚರ. ನಾವು 1,250 ಎಂದು ಬರೆದರೆ ಜರ್ಮನಿಯವರಿಗೆ ಅದು ಒಂದೂಕಾಲು. ಅಲ್ಪವಿರಾಮ ಅವರಿಗೆ ದಶಮಾಂಶ ಚಿಹ್ನೆ.

ಸಮಯದ ಮಾತಿಗೆ ಬಂದರೆ, ಅಕ್ಟೋಬರ್ ಕೊನೆಯ ಭಾನುವಾರವನ್ನು ಕ್ಯಾಲೆಂಡರಿನಲ್ಲಿ ಕೆಂಪಗೆ ಗುರುತು ಹಾಕಿಕೊಳ್ಳಿ. ಅಂದು ಜರ್ಮನಿಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಮಗೂ ಅವರಿಗೂ ಇರುವ ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ನಮ್ಮ ಸಭೆ ಅವರ ಮಧ್ಯಾಹ್ನ ಎರಡೂವರೆಗೆ, ಅಂದರೆ ನಮ್ಮ ಸಂಜೆ ಆರಕ್ಕೆ ಇತ್ತು. ಮರುದಿನ ಸೋಮವಾರ ನಮ್ಮವರು ಖಾಲಿ ಪರದೆಯನ್ನು ನೋಡುತ್ತಾ ಕುಳಿತರು. ಅವರು ಬರುವ ಹೊತ್ತಿಗೆ ಏಳು ಗಂಟೆ. ಅಷ್ಟರಲ್ಲಿ ಅರ್ಧ ಮಕ್ಕಳು ಊರಿನ ಕೊನೆಯ ಬಸ್ ಹಿಡಿಯಲು ಹೋಗಿಯಾಗಿತ್ತು. ಇಂಟರ್ನೆಟ್ ವಿಷಯ ಕೇಳಬೇಡಿ. 1982ರಿಂದ ಇಸ್ರೋದ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇರುವ ಊರು ನಮ್ಮದು. ಮಳೆ ಬಂದರೆ ಮೂರನೇ ಮಹಡಿಯ ಲ್ಯಾಬಿನಿಂದ ಹೋಗುವ ದನಿ ಮಾತ್ರ ತುಂಡು ತುಂಡು.

ಇನ್ನೊಂದು ವಿಷಯ ನನಗೆ ಇವೆಲ್ಲಕ್ಕಿಂತ ಮುಖ್ಯ. ಅರಕಲಗೂಡು ಕಡೆಯ ಒಬ್ಬ ಹುಡುಗ, ಹತ್ತನೆಯವರೆಗೂ ಕನ್ನಡ ಮಾಧ್ಯಮ. ನಾಲ್ಕು ಸಭೆಗಳಲ್ಲಿ ಒಂದು ಮಾತು ಆಡಲಿಲ್ಲ, ಆಸಕ್ತಿಯಿಲ್ಲದವನು ಎಂದುಕೊಂಡಿದ್ದೆ. ಐದನೆಯ ಸಭೆಯಲ್ಲಿ ಒಂದು ಹೊಸ ಪದ್ಧತಿ ತಂದೆವು: ಮೊದಲ ಹತ್ತು ನಿಮಿಷ ಯಾರೂ ಮಾತನಾಡುವಂತಿಲ್ಲ, ಎಲ್ಲರೂ ಒಂದೇ ದಾಖಲೆಯಲ್ಲಿ ಬರೆಯಬೇಕು ಅಥವಾ ಚಿತ್ರ ಹಾಕಬೇಕು. ಅವನು ಹಾರೆಯ ಚಿತ್ರ ಹಾಕಿದ. ಏಣಿಯ ಕಾಲಿಗೆ ಹಾರೆಯಂಥ ಮೊನೆ, ನಾಲ್ಕು ಬೆರಳು ಮೇಲೆ ಒಂದು ತಟ್ಟೆ. ಮೊನೆ ಇಳಿಜಾರಿನ ಮಣ್ಣಿಗೆ ಇಳಿದು ಹಿಡಿಯುತ್ತದೆ, ತಟ್ಟೆ ಹೆಚ್ಚು ಹೂತುಹೋಗದಂತೆ ತಡೆಯುತ್ತದೆ. ಕೆಳಗೆ ಐದೇ ಪದಗಳ ಇಂಗ್ಲಿಷ್, ಅದರಲ್ಲಿ ಎರಡು ಕಾಗುಣಿತ ತಪ್ಪು. ಕೊನೆಯ ಮಾದರಿಯಲ್ಲಿ ಉಳಿದದ್ದು ಆ ಕಾಲೇ. ಜರ್ಮನಿಯ ಮಕ್ಕಳಿಗೂ ಇಂಗ್ಲಿಷ್ ಕಲಿತ ಭಾಷೆಯೇ, ಆ ಹತ್ತು ನಿಮಿಷ ಅವರಿಗೂ ಹಿತವಾಗಿತ್ತು ಎಂದು ಆಮೇಲೆ ತಿಳಿಯಿತು.

ಅಂಕದ ವಿಷಯವನ್ನು ಮೊದಲ ಪತ್ರದಲ್ಲಿಯೇ ಮಾತನಾಡಿಕೊಳ್ಳಿ. ಅವರಿಗೆ ಅದು 5 ಇಸಿಟಿಎಸ್ ಕ್ರೆಡಿಟ್, ಅಂದರೆ ಯುರೋಪಿನ ವಿಶ್ವವಿದ್ಯಾಲಯಗಳು ಕಲಿಕೆಯನ್ನು ಅಳೆಯುವ ಘಟಕ. ಯುರೋಪಿನ ಲೆಕ್ಕದಲ್ಲಿ ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಕೆಲಸ, ಅಂದರೆ ಒಟ್ಟು 125 ಗಂಟೆಗೆ ಕಡಿಮೆಯಿಲ್ಲ. ನಮ್ಮ ಮಕ್ಕಳಿಗೆ ಅದೇ ಕೆಲಸಕ್ಕೆ ಸಿಕ್ಕಿದ್ದು ಒಂದಿಷ್ಟು ಆಂತರಿಕ ಅಂಕ, ಅದೂ ಇಂಟರ್ನಲ್ಸ್ ನಡುವೆ. ನಮ್ಮವರು ಸೋಮಾರಿಗಳೆಂದು ಅವರಿಗೂ, ಅವರು ಪ್ರಾಣ ಹಿಂಡುತ್ತಾರೆಂದು ನಮ್ಮವರಿಗೂ ಅನ್ನಿಸಿದ್ದು ಈ ಕಾರಣಕ್ಕೆ. ಮುಂದಿನ ಸಲ ಇದನ್ನೇ ಮಿನಿ ಪ್ರಾಜೆಕ್ಟ್ ಎಂದು ಪರಿಗಣಿಸಿದ ಮೇಲೆ ಅರ್ಧ ಜಗಳ ತಾನಾಗಿ ನಿಂತಿತು. ಪ್ರಾಂಶುಪಾಲರನ್ನು ಒಪ್ಪಿಸಲು ಆಧಾರ ಬೇಕಾದರೆ ಇದೆ: ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿಯೇ ಇಂಥ ಜಂಟಿ ಆನ್‌ಲೈನ್ ಕಲಿಕೆಗೆಂದು ಕೇಂದ್ರ ತೆರೆದಿದೆ, ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಊರಲ್ಲಿದ್ದೇ ಅಂತರರಾಷ್ಟ್ರೀಯ ಕಲಿಕೆ ಸಿಗಬೇಕೆನ್ನುತ್ತದೆ.

ಪತ್ರ ಬರೆಯುವ ಮೊದಲು ಇನ್ನೊಂದು ಕೆಲಸವಿದೆ. ನಿಮ್ಮ ಲ್ಯಾಬಿಗೆ ಸಂಜೆ ಐದೂವರೆಗೆ ಬೀಗ ಹಾಕುತ್ತಾರಲ್ಲ, ಆ ಅಟೆಂಡರ್ ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಒಂದು ಕಾಫಿ ಕುಡಿಸಿ, ವಾರಕ್ಕೆ ಒಂದು ದಿನ ಬೀಗದ ಕೈ ನಿಮ್ಮ ಬಳಿ ಇರಬಹುದೇ ಎಂದು ಕೇಳಿ. ಅವರೂ ನೋಡೋಣ ಎಂದರೆ, ಮರುದಿನ ಇನ್ನೊಂದು ಕಾಫಿ.