ಮಾತ್ರೆ ಬಿಟ್ಟರೆ ನಂಬಿಕೆ ಜಾಸ್ತಿ ಆಗುತ್ತದಾ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ದಾವಣಗೆರೆಯ ಹಳೇ ಊರಿನ ಒಬ್ಬ ಕ್ರೈಸ್ತ ಹೆಂಗಸು, ವಯಸ್ಸು 46. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ನನ್ನ ಹತ್ತಿರ ಸಮಾಲೋಚನೆಗೆ ಕರೆತಂದದ್ದು ನಾದಿನಿ. "ಅತ್ತಿಗೆ ರಾತ್ರಿಯೆಲ್ಲ ಎದ್ದು ಕೂತು ಅಳ್ತಾರೆ ಮೇಡಂ. ದೇವರು ಕೈ ಬಿಟ್ಟ ಅಂತಾರೆ."

ಅಂಥ ಸೆಖೆಯಲ್ಲೂ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿದ್ದರು. ಯಾಕೆ ಅಂತ ಕೇಳಿದೆ. ಮಿಷನ್ನಿನ ಪೆಡಲ್ ತಾಗಿ ಹೆಬ್ಬೆರಳ ಪಕ್ಕ ಗಾಯವಾಗಿತ್ತು, ತಿಂಗಳಾದರೂ ಒಣಗಿರಲಿಲ್ಲ. ಶುಗರ್ ಇದೆ, ಮಾತ್ರೆ ನಿಲ್ಲಿಸಿದ್ದಾರೆ. "ನನಗೆ ಗುಣವಾಯಿತು, ಮಾತ್ರೆ ಬಿಟ್ಟೆ" ಅಂತ ಸಭೆಯಲ್ಲಿ, ಅಂದರೆ ತಮ್ಮ ಚರ್ಚಿನಲ್ಲಿ, ಎದ್ದು ಸಾಕ್ಷಿಯನ್ನೂ (ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು) ಹೇಳಿಬಿಟ್ಟಿದ್ದಾರೆ. ಎಲ್ಲರೂ ಸ್ತೋತ್ರ ಅಂದಿದ್ದಾರೆ. ಈಗ ಮಾತ್ರೆ ನುಂಗಿದರೆ ಸಾಕ್ಷಿ ಸುಳ್ಳಾಗುತ್ತದೆ ಅನ್ನೋ ಭಯ.

ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಬೆಳಿಗ್ಗೆ ನಾಲ್ಕೂವರೆಯ ಪ್ರಾರ್ಥನೆ ತಪ್ಪಿದ ದಿನಕ್ಕೆಲ್ಲ ಕೆಂಪು ಪೆನ್ನಿನ ಗುರುತು. ತಪ್ಪಿದ ನಿಮಿಷಗಳನ್ನು ಮಾರನೇ ದಿನ ಎರಡು ಪಟ್ಟು ಮಾಡಿ ತೀರಿಸುತ್ತಿದ್ದರು. ಶುಕ್ರವಾರ ಇಡೀ ದಿನ ಉಪವಾಸ, ರಾತ್ರಿ ಮಗ ತಂದ ಬೆಣ್ಣೆ ದೋಸೆ. ಶುಗರ್ ಎಷ್ಟು ಏರಿಳಿದಿರಬೇಕು, ನೀವೇ ಯೋಚಿಸಿ.

ಪಕ್ಕದ ಮನೆಯವರು ಹರಿಹರದ ಚರ್ಚಿನ ಆರೋಗ್ಯ ಮಾತೆಗೆ (ಯೇಸುವಿನ ತಾಯಿ ಮರಿಯಮ್ಮನಿಗೆ) ಹರಕೆ ಹೊತ್ತುಕೊಳ್ಳಿ ಅಂದಿದ್ದರಂತೆ. "ನಮ್ಮ ಸಭೆಯಲ್ಲಿ ಹರಕೆ ಇಲ್ಲ ಮೇಡಂ" ಅಂದರು. "ಮತ್ತೆ ಈ ನೋಟ್‌ಬುಕ್ ಏನಕ್ಕಾ?" ಅಂದೆ. ಸುಮ್ಮನಾದರು.

ಕಷ್ಟ ಇದ್ದದ್ದು ಅಲ್ಲೇ. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ, ನಮ್ಮ ಕೆಲಸದ ಫಲ ಅಲ್ಲ ಅಂತ ಯೇಸುವಿನ ಅಪೊಸ್ತಲ ಪೌಲ ಎಫೆಸ ಊರಿನ ಸಭೆಯವರಿಗೆ ಬರೆದದ್ದು ಅವರಿಗೆ ಬಾಯಿಪಾಠ. ಆದರೆ ನಂಬಿಕೆಯನ್ನೇ ಅವರು ದೇವರಿಗೆ ಕಟ್ಟುವ ಕಂತು ಮಾಡಿಕೊಂಡಿದ್ದರು. ಗುಣ ಆಗಲಿಲ್ಲ ಅಂದರೆ ಕಂತು ಕಡಿಮೆ ಬಿತ್ತು ಅಂತ ಲೆಕ್ಕ.

ಅವರದೇ ಸತ್ಯವೇದ (ಬೈಬಲ್) ತೆಗೆಸಿದೆ. ತನ್ನ ಶರೀರದ ಮುಳ್ಳು ಹೋಗಲಿ ಅಂತ ಪೌಲ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂತು. ಪೌಲನ ನಂಬಿಕೆ ಕಡಿಮೆಯಿತ್ತು ಅಂತ ಯಾರಾದರೂ ಅಂದಾರಾ? ರಾಜ ಹಿಜ್ಕೀಯನಿಗೆ ಗುಣಪಡಿಸುತ್ತೇನೆ ಅಂತ ದೇವರೇ ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯ ಅವನ ಹುಣ್ಣಿಗೆ ಅಂಜೂರದ ಹಣ್ಣಿನ ಪಟ್ಟು ಹಾಕಿಸಿದ. ಈ ಕಥೆ ಅವರಿಗೆ ನೆನಪೇ ಇರಲಿಲ್ಲ. ಬೆರಳಿಟ್ಟು ಎರಡು ಸಲ ಓದಿದರು.

"ಹನೋಕ ದೇವರ ಜೊತೆ ನಡೆದನಲ್ಲ ಮೇಡಂ, ನನಗೆ ಹಾಗೆ ನಡೆಯೋಕೆ ಆಗ್ತಿಲ್ಲ" ಅಂದರು. ಹನೋಕ ಆದಿಕಾಂಡದಲ್ಲಿ ಬರುವ ಭಕ್ತ. ಅವನು ದೇವರ ಜೊತೆ ನಡೆದ ಅನ್ನುವ ವಚನದಲ್ಲೇ ಅವನಿಗೆ ಗಂಡುಮಕ್ಕಳು, ಹೆಣ್ಣುಮಕ್ಕಳು ಹುಟ್ಟಿದರು ಅಂತಲೂ ಇದೆ. 300 ವರ್ಷ ಸಂಸಾರ ಮಾಡುತ್ತಲೇ ನಡೆದವನು. ಅಷ್ಟು ವರ್ಷದಲ್ಲಿ ಒಂದು ಬೆಳಿಗ್ಗೆಯೂ ತಡವಾಗಿ ಎದ್ದಿರಲಿಕ್ಕಿಲ್ವಾ?

ನಾನು ಕೊಟ್ಟ ಸಲಹೆ ಇಷ್ಟು. ಇವತ್ತೇ ಡಾಕ್ಟರಿಗೆ ಕಾಲು ತೋರಿಸಿ, ಉಳಿದ ಮಾತು ಆಮೇಲೆ. ಡಾಕ್ಟರು ಒಪ್ಪುವ ತನಕ ಉಪವಾಸ ಬೇಡ. ನೋಟ್‌ಬುಕ್ ನಾದಿನಿಯ ಹತ್ತಿರ ಇರಲಿ. ತಪ್ಪಿದ ಪ್ರಾರ್ಥನೆ ತಪ್ಪಿತು, ಬಾಕಿ ತೀರಿಸಲು ಹೋಗಬೇಡಿ. ಹೊಲಿಯುತ್ತಲೇ ಎರಡು ಮಾತು ಆಡಿ, ಅದೂ ಪ್ರಾರ್ಥನೆಯೇ. ಪಾಸ್ಟರ್ ಹತ್ತಿರ ಒಬ್ಬರೇ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸಭೆಯ ಮುಂದೆ ಈಗಲೇ ನಿಲ್ಲಬೇಕಿಲ್ಲ. ಮೂರು ವಾರ ಕಳೆದರೂ ನಿದ್ದೆ ಬರದಿದ್ದರೆ ಮನೋವೈದ್ಯರನ್ನು ನೋಡೋಣ.

ಪಾಸ್ಟರ್ "ಮಾತ್ರೆ ಬಿಡಿ ಅಂತ ನಾನು ಹೇಳಿರಲಿಲ್ಲ" ಅಂದರಂತೆ. ನಿಜ ಇರಬಹುದು. ಆದರೆ ಸಾಕ್ಷಿ ಕೇಳಿದ ದಿನವೇ ಡಾಕ್ಟರು ಏನಂದರು ಅಂತ ವಿಚಾರಿಸಬಹುದಿತ್ತು. ಸಭೆ ನಡೆಸುವವರು ಇದನ್ನು ಗಮನಿಸಬೇಕು.

ಗಾಯ ನಿಧಾನವಾಗಿ ಒಣಗುತ್ತಿದೆ, ಮಾತ್ರೆ ನಡೆದಿದೆ. ನಿದ್ದೆ ಇನ್ನೂ ಅಷ್ಟಕ್ಕಷ್ಟೇ, ಮುಂದಿನ ವಾರ ಮತ್ತೆ ಬರುತ್ತಾರೆ.